ಗಂಟೆ ಕಮ್ಮಿ ಅಂತ ಮರುಳಾಗಬೇಡಿ

ಹಳೇ ಮೋಟಾರ್ ಯಾಟ್ (ಇಂಜಿನ್ನಿನ ವಿಹಾರ ದೋಣಿ) ಕೊಳ್ಳುವಾಗ ಇಂಜಿನ್ ಓಡಿದ ಗಂಟೆ ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ಬರೆದಿದ್ದೀರಿ. ಸಮುದ್ರದಲ್ಲಿ ಓಡೋ ಡೀಸೆಲ್ ಇಂಜಿನ್‌ಗೆ ಈ ಲೆಕ್ಕ ನಡೆಯಲ್ಲ ಸ್ವಾಮಿ. 15 ವರ್ಷಕ್ಕೆ ಬರೀ 300 ಗಂಟೆ ಓಡಿದೆ ಅಂದರೆ ಉಳಿದ ಕಾಲವೆಲ್ಲ, ಇಂಜಿನ್ ತಂಪು ಮಾಡೋಕೆ ಎಳೆದುಕೊಂಡ ಉಪ್ಪುನೀರು ಒಳಗೇ ನಿಂತಿರುತ್ತೆ. ಹೀಟ್ ಎಕ್ಸ್‌ಚೇಂಜರ್ (ಸಮುದ್ರದ ನೀರಿನಿಂದ ಇಂಜಿನ್ ಬಿಸಿ ಇಳಿಸೋ ಭಾಗ), ಎಕ್ಸಾಸ್ಟ್ ಎಲ್ಬೋ (ಹೊಗೆ ಹೊರಹೋಗೋ ಬಾಗಿದ ಕೊಳವೆ) ಹಾಳಾಗೋದೇ ಹೀಗೆ. ಎಲ್ಬೋ ಬಿಚ್ಚಿಸಿ, ಟಾರ್ಚ್ ಬಿಟ್ಟು ನೋಡಿ, ತುಕ್ಕು ಪದರ ಪದರವಾಗಿ ಎದ್ದಿರುತ್ತೆ. ಅದಕ್ಕಿಂತ ವರ್ಷವರ್ಷವೂ ಓಡಿಸಿ, ಇಂಪೆಲ್ಲರ್ (ನೀರಿನ ಪಂಪಿನೊಳಗೆ ತಿರುಗೋ ರಬ್ಬರ್ ಚಕ್ರ) ಬದಲಿಸಿದ ಬಿಲ್ಲು ಜೋಪಾನವಾಗಿಟ್ಟವರ 2,000 ಗಂಟೆಯ ಇಂಜಿನ್ನೇ ವಾಸಿ. ಸೀ ಟ್ರಯಲ್‌ನಲ್ಲಿ (ಕೊಳ್ಳೋ ಮುಂಚೆ ನೀರಿನಲ್ಲಿ ಓಡಿಸಿ ನೋಡುವಾಗ) ಫುಲ್ ಥ್ರಾಟಲ್ ಕೊಟ್ಟಾಗ, ಅಂದರೆ ಪೂರ್ತಿ ವೇಗಕ್ಕೆ ಒಯ್ದಾಗ, ಇಂಜಿನ್ ಕಂಪನಿ ಹೇಳಿದ ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮುಟ್ಟದಿದ್ದರೆ ಕಾರಣ ತಿಳಿಯೋವರೆಗೂ ಅಡ್ವಾನ್ಸ್ ಕೊಡಬೇಡಿ. ಹಾಂ, ನೀವು ನೋಡಲು ಹೋಗೋ ಮೊದಲೇ ಮಾರುವವರು ಇಂಜಿನ್ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ ಹೊಗೆ ನೋಡಬೇಕು.