ಗೋಂದಿನ ಪೀಟನಿಗೆ ಯಾರಾದರೂ ಗುರುದಕ್ಷಿಣೆ ಕೊಡಿ

ಅಮೆರಿಕದ ಕಾಮಿಕ್ಸ್ ಲೋಕದಲ್ಲಿ ಖಳನಾಯಕರಿಗೆ ಬರವಿಲ್ಲ. ಊರು ಸುಡುವವರು, ಗ್ರಹ ನುಂಗುವವರು, ಕಾಲವನ್ನೇ ತಿರುಚುವವರು. ಇಂಥವರ ನಡುವೆ 1963ರ ಜನವರಿ ಸಂಚಿಕೆಯಲ್ಲಿ ಪ್ರಕಾಶಕರಾದ ಮಾರ್ವೆಲ್‌ನವರು ಹೊಸಬನೊಬ್ಬನನ್ನು ಕಣಕ್ಕಿಳಿಸಿದರು. ಅವನ ಆಯುಧ ಗೋಂದು. ಹೆಸರು ಪೇಸ್ಟ್ ಪಾಟ್ ಪೀಟ್, ಅಂದರೆ ಗೋಂದಿನ ಡಬ್ಬಿಯ ಪೀಟ.

ತಲೆಗೆ ಜೋಲು ಟೋಪಿ, ಕುತ್ತಿಗೆಗೆ ದೊಡ್ಡ ಬೋ, ಚಿತ್ರ ಬರೆಯುವವರು ಹಾಕುವಂಥ ದೊಗಲೆ ಅಂಗಿ. ಕೈಯಲ್ಲಿ ಗೋಂದಿನ ಬಕೆಟ್. ಅದರಿಂದ ಒಂದು ಪೈಪು, ಪೈಪಿನ ತುದಿಗೆ ಬಂದೂಕು. ರಾತ್ರಿ ಸಿನಿಮಾ ಪೋಸ್ಟರ್ ಅಂಟಿಸಲು ಹೊರಟವನಂತೆ ಕಾಣುವ ಈ ಮನುಷ್ಯ ಬ್ಯಾಂಕ್ ದೋಚಿದ. ಅಷ್ಟಕ್ಕೇ ಸುಮ್ಮನಾಗದೆ ಅಮೆರಿಕದ ಸೇನೆಯ ಹೊಸ ಕ್ಷಿಪಣಿಯನ್ನೇ ಕದ್ದು ಮಾರಲು ಹೊರಟ. ಗೋಂದು ಹಿಡಿದುಕೊಂಡು! ಎದುರಾಳಿಯಾದರೂ ಯಾರು? ಮೈಯೆಲ್ಲ ಬೆಂಕಿ ಹೊತ್ತಿಸಿಕೊಂಡು ಹಾರಾಡುವ ಹುಡುಗ, ಹ್ಯೂಮನ್ ಟಾರ್ಚ್. ಪೀಟನ ಧೈರ್ಯ ಮೆಚ್ಚಬೇಕು, ಲೆಕ್ಕಾಚಾರ ಬೇಡ.

ಹಾಗಂತ ಅವನೇನು ದಡ್ಡನಲ್ಲ, ರಸಾಯನಶಾಸ್ತ್ರ ಅರೆದು ಕುಡಿದವನು. ಗೋಂದಿನಲ್ಲಿ ದುಡ್ಡಿಲ್ಲ ಅನ್ನುವ ಹಾಗೂ ಇರಲಿಲ್ಲ. 1958ರಲ್ಲೇ ಈಸ್ಟ್‌ಮನ್ ಕೊಡಾಕ್ ಕಂಪನಿ ಸೂಪರ್ ಗ್ಲೂ ಮಾರುಕಟ್ಟೆಗೆ ತಂದಿತ್ತು. ಮುಂದೆ 1968ರಲ್ಲಿ ತ್ರೀ ಎಂ ಕಂಪನಿಯ ವಿಜ್ಞಾನಿ ಸ್ಪೆನ್ಸರ್ ಸಿಲ್ವರ್ ಗಟ್ಟಿಯಾಗಿ ಹಿಡಿಯದ ಗೋಂದೊಂದನ್ನು ಕಂಡುಹಿಡಿದರು. ಅದೇ ಪೋಸ್ಟ್ ಇಟ್ ಚೀಟಿಯಾಗಿ ಕಂಪನಿಯ ಖಜಾನೆ ತುಂಬಿಸಿತು. ಅರೆಬರೆ ಅಂಟುವ ಗೋಂದಿಗೇ ಅಷ್ಟು ಬೆಲೆ ಸಿಕ್ಕಿರುವಾಗ, ಒಮ್ಮೆ ಹಿಡಿದರೆ ಬಿಡದ ಗೋಂದಿಗೆ ಇನ್ನೆಷ್ಟು ಸಿಗಬೇಡ? ಆದರೆ ಪೀಟ್ ಪೇಟೆಂಟ್ ಕಚೇರಿಯ ದಾರಿ ಹಿಡಿಯಲಿಲ್ಲ. ಬ್ಯಾಂಕಿಗೆ ಹೋದ, ಸಾಲ ಕೇಳುವ ಕೌಂಟರ್ ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ.

ಇನ್ನೂ ಹೊಟ್ಟೆ ಉರಿಯುವ ವಿಷಯವೊಂದಿದೆ. ಪೀಟನಿಗಿಂತ ಕೆಲವೇ ತಿಂಗಳು ಮೊದಲು, 1962ರ ಆಗಸ್ಟ್‌ನಲ್ಲಿ, ಅದೇ ಮಾರ್ವೆಲ್‌ನಲ್ಲಿ ಇನ್ನೊಬ್ಬ ಪೀಟರ್ ಹುಟ್ಟಿದ್ದ. ಅವನೂ ತಾನೇ ತಯಾರಿಸಿದ ಅಂಟು ದ್ರವವನ್ನು ಕಳ್ಳರ ಮೇಲೆ ಎರಚುತ್ತಿದ್ದ. 1964ರ ಒಂದು ಕಥೆಯಲ್ಲಿ ಆ ಹುಡುಗ ತನ್ನ ದ್ರವವನ್ನು ಕಂಪನಿಯೊಂದಕ್ಕೆ ಮಾರಲು ಹೋಗುತ್ತಾನೆ. ಸ್ವಲ್ಪ ಹೊತ್ತಿಗೆಲ್ಲ ಕರಗಿಹೋಗುವ ಅಂಟು ಯಾರಿಗೆ ಬೇಕು ಅಂತ ವಾಪಸ್ ಕಳಿಸುತ್ತಾರೆ. ಆದರೂ ಅವನೇ ಸ್ಪೈಡರ್‌ಮ್ಯಾನ್, ಜಗತ್ತಿನ ಮಕ್ಕಳ ಕಣ್ಮಣಿ. ಒಳ್ಳೆಯವನು, ಕೆಟ್ಟವನು ಅನ್ನುವ ವ್ಯತ್ಯಾಸ ಇದ್ದೇ ಇದೆ, ಒಪ್ಪೋಣ. ಆದರೆ ಮಣಿಕಟ್ಟಿಗೆ ಕಟ್ಟಿಕೊಂಡ ಪುಟ್ಟ ಯಂತ್ರಕ್ಕೂ ಕೈಯಲ್ಲಿ ತೂಗುವ ಬಕೆಟ್‌ಗೂ ಇರುವ ವ್ಯತ್ಯಾಸವೇನು ಸಣ್ಣದಾ?

ಪೀಟನ ಕೈಯಿಂದ ಊರಿಗೆ ಆದ ಉಪಕಾರವೆಂದರೆ ಒಂದೇ. ಅದೇ 1964ರಲ್ಲಿ ಬ್ಯಾರನ್ ಝೀಮೋ ಎಂಬ ದೊಡ್ಡ ಖಳ ಊರಿನ ಮೇಲೆ ತನ್ನದೇ ಗೋಂದು ಸುರಿಸಿದಾಗ, ಮಾರ್ವೆಲ್ ವೀರರ ತಂಡ ಅವೆಂಜರ್ಸ್‌ನಂಥ ಘಟಾನುಘಟಿಗಳು ಜೈಲಿನಲ್ಲಿದ್ದ ಪೀಟನ ಮುಂದೆ ಬಂದು ನಿಂತರು. ಬಿಡಿಸುವ ದ್ರಾವಣ ಕೊಟ್ಟವನು ಅವನೇ. ಜೀವನವಿಡೀ ಅಂಟಿಸಿದವನಿಗೆ ಮರ್ಯಾದೆ ಸಿಕ್ಕಿದ್ದು ಬಿಡಿಸಿದಾಗ!

1965ರಲ್ಲಿ ಪೀಟನಿಗೆ ಜ್ಞಾನೋದಯವಾಯಿತು. ತೊಂದರೆ ಗೋಂದಿನದಲ್ಲ, ಯೋಜನೆಯದ್ದಲ್ಲ, ಪದೇ ಪದೇ ಜೈಲಿಗೆ ಹೋಗುವುದೂ ಅಲ್ಲ. ತೊಂದರೆ ಹೆಸರಿನದು! ಅವತ್ತಿನಿಂದ ಅವನು ಟ್ರ್ಯಾಪ್‌ಸ್ಟರ್, ಅಂದರೆ ಬಲೆಗೆ ಕೆಡವುವವನು. ಅದೇ ಮನುಷ್ಯ, ಅದೇ ಗೋಂದು, ಅದೇ ಸೋಲು. ಆದರೆ ಕೇಳುವುದಕ್ಕೆ ಎಷ್ಟು ಗಂಭೀರವಾಗಿದೆ, ಅಲ್ವಾ?

ನಗಬೇಡಿ. ಆ ದೇಶದ ದೊಡ್ಡ ದೊಡ್ಡ ಕಂಪನಿಗಳಿಗೆ ಈ ಬುದ್ಧಿ ಬರಲು ಮೂರು ದಶಕ ಬೇಕಾಯಿತು. 1996ರಲ್ಲಿ ವ್ಯಾಲ್ಯೂಜೆಟ್ ಕಂಪನಿಯ ವಿಮಾನ ಫ್ಲಾರಿಡಾದ ಜೌಗಿಗೆ ಬಿದ್ದು 110 ಜನ ಸತ್ತರು. ಮರುವರ್ಷ ಆ ಕಂಪನಿ ಚಿಕ್ಕದೊಂದು ವಿಮಾನ ಕಂಪನಿಯನ್ನು ಕೊಂಡುಕೊಂಡು, ಅದರ ಹೆಸರನ್ನೇ ಹೊದ್ದು ಏರ್‌ಟ್ರಾನ್ ಆಯಿತು. ಸಿಗರೇಟಿನ ಫಿಲಿಪ್ ಮಾರಿಸ್ 2003ರಲ್ಲಿ ಆಲ್ಟ್ರಿಯಾ ಆಯಿತು. ಹೊಗೆಯ ವಾಸನೆಯೇ ಇಲ್ಲದ ಹೆಸರು. ಬ್ಲ್ಯಾಕ್‌ವಾಟರ್‌ನ ಬಾಡಿಗೆ ಬಂದೂಕಿನವರು 2007ರಲ್ಲಿ ಬಾಗ್ದಾದಿನ ನಿಸೂರ್ ಚೌಕದಲ್ಲಿ 17 ನಾಗರಿಕರನ್ನು ಕೊಂದರು. ಕಂಪನಿ 2009ರಲ್ಲಿ ಝೀ ಆಯಿತು. ಅದೂ ಸಾಲದೆ 2011ರಲ್ಲಿ ಅಕಾಡೆಮಿ ಆಯಿತು. ಸೇರಿದವರು ಸಂಗೀತ ಕಲಿಯಬಹುದೇನೋ ಅನ್ನಿಸುವಷ್ಟು ಸಾಧು ಹೆಸರು.

ಪೀಟನ ಪಾಡು ನೋಡಿ. ಹೆಸರು ಬದಲಿಸಿ ಅರವತ್ತು ವರ್ಷ ದಾಟಿದರೂ ಕಾಮಿಕ್ಸ್ ಓದುವವರು ಅವನನ್ನು ಕರೆಯುವುದು ಪೇಸ್ಟ್ ಪಾಟ್ ಪೀಟ್ ಅಂತಲೇ. ಅವನು ಮಾಡಿದ ತಪ್ಪೆಂದರೆ ಜಾಹೀರಾತು ವಿಭಾಗ, ವಕೀಲರ ದಂಡು, ಷೇರುದಾರರು ಇಲ್ಲದೆ ಒಬ್ಬನೇ ಹೆಸರು ಬದಲಿಸಿಕೊಂಡದ್ದು.

ಈಗಲೂ ಕಾಲ ಮಿಂಚಿಲ್ಲ. ನ್ಯೂಯಾರ್ಕಿನಲ್ಲಿ ಅವನೊಂದು ಸಲಹಾ ಸಂಸ್ಥೆ ತೆರೆಯಲಿ. ಬಂದ ಗಿರಾಕಿಗಳಿಗೆಲ್ಲ ಹೊಸ ಹೆಸರು, ಹೊಸ ಲೋಗೋ. ಬಿಲ್ ವಸೂಲಿಯ ಚಿಂತೆಯಂತೂ ಇಲ್ಲ. ದುಡ್ಡು ಕೊಡುವವರೆಗೆ ಯಾರೂ ಕುರ್ಚಿಯಿಂದ ಏಳುವ ಹಾಗಿಲ್ಲವಲ್ಲ.