ಡಬ್ಬಿಯಲ್ಲಿಟ್ಟ ಮೊಟ್ಟೆ

ಕಾಡಲ್ಲಿ ವಾಕ್ ಹೋದಾಗ ನಮ್ ಭಾವನ ಕಣ್ಣಿಗೆ ಏನೂ ಬೀಳಬಾರ್ದು, ಬಿದ್ರೆ ಅದಕ್ಕೊಂದು ಹೆಸರು ಸಿಗೋವರ್ಗೂ ಯಾರೂ ಮುಂದಕ್ಕೆ ಹೋಗೋ ಹಾಗಿಲ್ಲ. ಈ ಸಲ ಬಿದ್ದಿದ್ದು ಕೊಳೆತ ಎಲೆ ಮಧ್ಯೆ ಅರ್ಧ ಹೂತಿದ್ದ ಬಿಳಿ ಮೊಟ್ಟೆ, ಒತ್ತಿದ್ರೆ ಮೆತ್ತಗೆ, ಬುಡದಲ್ಲಿ ಬಿಳಿ ದಾರದ ಥರ ಬೇರು. ಹಾವಿನ ಮೊಟ್ಟೆ ಕಣ್ರೀ ಅಂತ ಅಕ್ಕ ಹಿಂದೆ ಸರಿದ್ಲು, ಭಾವ ಫೋನ್ ತೆಗೆದ್ರು. ಅಣಬೆ ಗುರುತಿಸೋ ಆ್ಯಪ್ ಮೊದಲು ಪಫ್‌ಬಾಲ್ ಅಂತು, ಫೋಟೋ ಸ್ವಲ್ಪ ವಾರೆಯಾಗಿ ತೆಗೆದಿದ್ದಕ್ಕೆ ಡೆತ್ ಕ್ಯಾಪ್ ಅಂತು. ಎರಡೂ ಅಣಬೇನೇ, ಆದ್ರೆ ಮೊದಲನೇದನ್ನ ಎಳೇದಿದ್ದಾಗ ತಿಂತಾರೆ, ಎರಡನೇದನ್ನ ತಿಂದ್ರೆ 6ರಿಂದ 12 ಗಂಟೆ ಏನೂ ಆಗದೆ ಆಮೇಲೆ ಲಿವರ್ರೇ ಕೈಕೊಡತ್ತೆ, ಬೇಯಿಸಿದ್ರೂ ಆ ವಿಷ ಹೋಗಲ್ಲ. ಆ್ಯಪ್‌ಗೇನು, ಅದು ಊಟ ಮಾಡಲ್ವಲ್ಲ.

ಇಂಥ ಮೊಟ್ಟೆ ಸಿಕ್ರೆ ಉದ್ದಕ್ಕೆ ಸೀಳಿ ನೋಡ್ಬೇಕು. ಒಳಗೆಲ್ಲಾ ಒಂದೇ ಸಮ ಬಿಳಿ ಇದ್ರೆ ಪಫ್‌ಬಾಲ್, ಪುಟ್ಟ ಕೊಡೆ ಮಡಚಿಟ್ಟ ಹಾಗಿದ್ರೆ ಡೆತ್ ಕ್ಯಾಪ್ ಕುಲದ್ದು, ಲೋಳೆ ಇದ್ದು ಅದರೊಳಗೆ ಕಡುಹಸಿರು ಪದರ ಕಂಡ್ರೆ ಸ್ಟಿಂಕ್‌ಹಾರ್ನ್ ಅನ್ನೋ ಇನ್ನೊಂದು ಅಣಬೆ.

"ಚಾಕು ತಗೊಳ್ಳಿ ಭಾವ" ಅಂದೆ.

"ಏಯ್, ಇಷ್ಟು ಚೆನ್ನಾಗಿರೋದನ್ನ ಸೀಳ್ತಾರೇನೋ, ತಿಳಿದೋರಿಗೆ ಇಡಿಯಾಗಿ ತೋರಿಸ್ಬೇಕು" ಅಂದವರು ಒದ್ದೆ ಟಿಶ್ಯೂ ಸುತ್ತಿ, ಡಬ್ಬಿಗೆ ಹಾಕಿ, ಉಸಿರಾಡ್ಲಿ ಪಾಪ ಅಂತ ಮುಚ್ಚಳಾನೂ ಸಡಿಲ ಬಿಟ್ಟು, ಮನೆಗೆ ತಂದು ನಡುಮನೆಯಲ್ಲಿ ಇಟ್ರು.

ಬೆಳಗ್ಗೆ ಎದ್ರೆ ಮನೆ ತುಂಬಾ ನಾತ. ಅಕ್ಕ ಫ್ರಿಡ್ಜ್ ಖಾಲಿ ಮಾಡಿದ್ಲು, ಸಿಂಕಿಗೆ ಬಿಸಿನೀರು ಸುರಿದ್ಲು, ಏನೂ ಸಿಗದೆ ಇದ್ದಾಗ ನನ್ನ ಶೂ ಕಡೆ ಒಂಥರಾ ನೋಡಿದ್ಲು, ನಂಗೂ ಒಂದು ಕ್ಷಣ ಡೌಟ್ ಬಂತು ಬಿಡಿ. ಆಮೇಲೆ ನೋಡಿದ್ರೆ ಡಬ್ಬಿ ಮುಚ್ಚಳ ಕೆಳಗೆ ಬಿದ್ದಿದೆ, ಒಳಗಿಂದ ಗೇಣುದ್ದ ಬಿಳಿ ಕಾಂಡ ಎದ್ದು ನಿಂತಿದೆ, ತಲೆ ಮೇಲೆ ಹಸಿರು ಲೋಳೆ, ಸೊಂಟದ ಸುತ್ತ ಜಾಲರಿ ಲಂಗ! ಆ ಲೋಳೆಯಲ್ಲೇ ಸ್ಟಿಂಕ್‌ಹಾರ್ನ್ ಬೀಜಕಣ ಇರೋದು, ನೊಣಗಳು ಬಂದು ನೆಕ್ಕಿ ಊರೆಲ್ಲಾ ಹಂಚ್ಲಿ ಅಂತಾನೇ ಈ ನಾತ. ಕಿಟಕಿ ತೆಗೆದಿದ್ದೇ ತಡ ನೊಣಗಳ ದಿಬ್ಬಣಾನೇ ಬಂತು, ಅವಕ್ಕೆ ಯಾವ ಆ್ಯಪೂ ಬೇಕಾಗ್ಲಿಲ್ಲ.

ಭಾವ ಮಾತ್ರ ಮೂಗಿಗೆ ಕರ್ಚೀಫ್ ಕಟ್ಕೊಂಡು, ಸ್ಕೇಲ್ ಹಿಡಿದು ಲಂಗದ ಅಳತೆ ತಗೋತಾ ಇದ್ರು.

"ನೀವೋ ಅದೋ, ಒಬ್ರು ಹೊರಗೆ ನಡೀರಿ" ಅಂದ್ಲು ಅಕ್ಕ.

ಇಬ್ರೂ ಹೋದ್ರು, ಹಿಂದೇನೇ ನೊಣಗಳೂ.