ಕೆಂಗೇರಿಯ ಸೀಟು

ಊರಾಚೆ ಮನೆ ಮಾಡಿದವರನ್ನು ಕಂಡರೆ ಊರೊಳಗಿನವರಿಗೆ ಒಂಥರಾ ಕನಿಕರ. ‘ಅಯ್ಯೋ, ಕೆಂಗೇರಿಯಿಂದ ಬರ್ತೀರಾ? ವೈಟ್‌ಫೀಲ್ಡ್ ಕಡೆಗಾ? ದಿನಾನಾ?’ ಅಂತ ಒಂದೇ ಉಸಿರಿಗೆ ಕೇಳುತ್ತಾರೆ. ಮೊದಲೆಲ್ಲ ನಾನೂ ಮುಖ ಸಣ್ಣಗೆ ಮಾಡಿಕೊಂಡು ‘ಏನ್ಮಾಡೋದು ಸಾರ್’ ಅನ್ನುತ್ತಿದ್ದೆ. ಈಗ ಅನ್ನುವುದಿಲ್ಲ. ವಿಜಯನಗರದಂಥ ಜಾಗದಲ್ಲಿ ಸ್ವಂತ ಮನೆ ಇರುವವರು ಬೆಳಿಗ್ಗೆ ಎಂಟೂವರೆಗೆ ಮೆಟ್ರೋ ಹತ್ತಿದರೆ ಕಂಬಿ ಹಿಡಿದು ನಿಲ್ಲಬೇಕು. ನಾನು ಅಷ್ಟು ಹೊತ್ತಿಗೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತೇನೆ. ದೇವರು ಊರಾಚೆಯವರಿಗೆ ಕಾವೇರಿ ನೀರು ತಡವಾಗಿ ಕೊಟ್ಟ, ರಸ್ತೆ ಇನ್ನೂ ತಡವಾಗಿ ಕೊಟ್ಟ. ಸೀಟು ಮಾತ್ರ ಮೊದಲು ಕೊಟ್ಟ.

ಕೆಂಗೇರಿ ಬೆಂಗಳೂರೇ ಅಲ್ವಾ ಅಂತ ಕೇಳಬಹುದು. ಕಾಗದದ ಮೇಲೆ ಹೌದು. 2007ರಲ್ಲಿ ಬಿಬಿಎಂಪಿ ಆಗುವವರೆಗೆ ನಮಗೆ ನಮ್ಮದೇ ಪುರಸಭೆ ಇತ್ತು. ಆಮೇಲೆ ಊರು ಬೆಂಗಳೂರಿಗೆ ಸೇರಿತು, ಊರಿನವರ ಬಾಯಿ ಇನ್ನೂ ಸೇರಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿ ಈಗಲೂ ಚಿಕ್ಕಪೇಟೆಗೆ ಸೀರೆ ತರಲು ಹೊರಟರೆ, ‘ಬೆಂಗ್ಳೂರಿಗೆ ಹೋಗಿ ಬರ್ತೀನಿ ಕಣಪ್ಪಾ, ಮನೆ ಕಡೆ ನೋಡ್ತಿರು’ ಅಂತ ಹೇಳಿ ಹೋಗುತ್ತಾರೆ. ಅವರ ಲೆಕ್ಕದಲ್ಲಿ ನಾನು ದಿನಾ ಬೆಂಗಳೂರು ದಾಟಿ ಇನ್ನೊಂದು ಊರಿಗೆ ಹೋಗಿ ಬರುವವನು. ಆ ಲೆಕ್ಕ ತಪ್ಪೇನಲ್ಲ ಅಂತ ನನಗೂ ಅನ್ನಿಸುತ್ತದೆ.

ಬಸ್ಸಿನ ಕಾಲದಲ್ಲಿ ಈ ಪ್ರಯಾಣ ಎರಡು ಕಂತಿನದು. ಮೊದಲು ಮೆಜೆಸ್ಟಿಕ್ ಮುಟ್ಟಬೇಕು, ಅಲ್ಲಿಂದ 335ಇ ಹಿಡಿಯಬೇಕು. ಬಸ್ಸು ಪ್ಲಾಟ್‌ಫಾರಂಗೆ ಬರುವ ಮೊದಲೇ ಜನ ಅದರ ಪಕ್ಕ ಓಡುತ್ತಿದ್ದರು. ಕಿಟಕಿಯಲ್ಲಿ ಕೈ ತೂರಿಸಿ ಕರ್ಚೀಫು ಹಾಕಿದರೆ ಸೀಟು ನಿಮ್ಮದು. ಕರ್ಚೀಫಿಗೆ ಅಂಥ ಮರ್ಯಾದೆ ಇತ್ತು. ಮನೆ ಪತ್ರದ ಮೇಲೆ ತಕರಾರು ಮಾಡುವ ಜನ ಕರ್ಚೀಫಿನ ಮೇಲೆ ತಕರಾರು ಮಾಡುತ್ತಿರಲಿಲ್ಲ. ಮೆಟ್ರೋದಲ್ಲಿ ಕಿಟಕಿ ತೆರೆಯುವುದಿಲ್ಲ, ಹಾಗಾಗಿ ಆ ವಿದ್ಯೆ ಅಲ್ಲಿಗೆ ಮುಗಿಯಿತು.

ಮೆಟ್ರೋ ಕೆಂಗೇರಿಗೆ ಬಂದದ್ದು 2021ರ ಆಗಸ್ಟ್ ಕೊನೆಗೆ. ಆದರೆ ಆ ಕಡೆ ಅದು ಬೈಯಪ್ಪನಹಳ್ಳಿಗೇ ನಿಂತುಬಿಡುತ್ತಿತ್ತು. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ರೈಲು ಶುರುವಾಯಿತು, ಮಧ್ಯೆ ಎರಡು ಕಿಲೋಮೀಟರಿನಷ್ಟು ಖಾಲಿ ಬಿಟ್ಟು! ಬೈಯಪ್ಪನಹಳ್ಳಿಯಲ್ಲಿ ಇಳಿ, ಬಸ್ಸು ಹತ್ತು, ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ದೇವರ ನೆನೆ, ತೂಗು ಸೇತುವೆ ಹತ್ತಿರ ಮತ್ತೆ ರೈಲು ಹತ್ತು. ಆ ವರ್ಷದ ಅಕ್ಟೋಬರ್ 9ಕ್ಕೆ ಅದೂ ಕೂಡಿಕೊಂಡು, 43 ಕಿಲೋಮೀಟರ್‌ಗೂ ಜಾಸ್ತಿ ಉದ್ದದ, 37 ನಿಲ್ದಾಣದ ನೇರಳೆ ಮಾರ್ಗ ಪೂರ್ತಿಯಾಯಿತು.

ಎಲ್ಲರೂ ಸಂತೋಷಪಟ್ಟ ಆ ದಿನವೇ ಕೆಂಗೇರಿಗೆ ಒಂದು ಪೆಟ್ಟೂ ಬಿತ್ತು. ಅಲ್ಲಿಯವರೆಗೆ ನಾವೇ ಮೊದಲ ನಿಲ್ದಾಣ. ಖಾಲಿ ರೈಲು, ಬೇಕಾದ ಮೂಲೆ. ಅವತ್ತಿನಿಂದ ನಮ್ಮ ಮುಂದೆ ಚಲ್ಲಘಟ್ಟ ಅಂತ ಇನ್ನೊಂದು ಬಂತು. ಅಲ್ಲಿ ಹತ್ತುವವರು ಕಡಿಮೆ, ಸೀಟು ಸಿಗುತ್ತದೆ ನಿಜ. ಆದರೆ ಬಾಗಿಲು ತೆರೆದಾಗ ಮೂಲೆ ಸೀಟಿನಲ್ಲಿ ಆಗಲೇ ಯಾರೋ ಕಣ್ಣು ಮುಚ್ಚಿ ಒರಗಿರುತ್ತಾರಲ್ಲ, ಆಗ ಹೊಟ್ಟೆಯೊಳಗೆ ಏನೋ ಒಂಚೂರು ಉರಿಯುತ್ತದೆ. ಮೂಲೆ ಸೀಟಿನ ಬೆಲೆ ಅದರಲ್ಲಿ ಮಲಗಿದವರಿಗೇ ಗೊತ್ತು. ತಲೆ ಒರಗಿಸಲು ಗಾಜಿನ ತಡೆ ಇರುತ್ತದೆ, ಪಕ್ಕದವರ ಹೆಗಲು ಬೇಕಾಗುವುದಿಲ್ಲ.

ಕೂತವನಿಗೂ ಕಷ್ಟವಿದೆ. ಅತ್ತಿಗುಪ್ಪೆ ಬರುವ ಹೊತ್ತಿಗೆ ಎದುರಿಗೆ ಒಂದು ಗೋಡೆಯಷ್ಟು ಜನ. ಎಲ್ಲರ ಕಣ್ಣೂ ಕೂತವರ ಮೇಲೆ. ನಿಂತವರಲ್ಲಿ ಅನುಭವಸ್ಥರು ಸುಮ್ನೆ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಕರಿ ಕೋಟು ಮಡಿಚಿ ತೋಳಿಗೆ ಹಾಕಿಕೊಂಡವರ ಮುಂದೆ ನಿಂತರೆ ವಿಧಾನಸೌಧದಲ್ಲಿ ಸೀಟು ಗ್ಯಾರಂಟಿ, ಹೈಕೋರ್ಟು ಅಲ್ಲೇ. ಊಟದ ಬುತ್ತಿ ಚೀಲ, ಕೈಯಲ್ಲೊಂದು ಫೈಲು ಇದ್ದರೆ ಅವರೂ ಅಲ್ಲೇ. ದೊಡ್ಡ ಸೂಟ್‌ಕೇಸಿನ ಸಂಸಾರ ಸಿಟಿ ರೈಲ್ವೆ ನಿಲ್ದಾಣ. ಎರಡು ನಿಲ್ದಾಣ ಮೊದಲೇ ಎದ್ದು ಬಾಗಿಲಿಗೆ ಹೋಗುವವರು ಅವರು, ಪುಣ್ಯಾತ್ಮರು. ಬೆನ್ನಿಗೆ ಕರಿ ಬ್ಯಾಗು, ಕೊರಳಲ್ಲಿ ಐಡಿ ಕಾರ್ಡು, ಕಿವಿಯಲ್ಲಿ ಇಯರ್‌ಫೋನು ಇರುವವರ ಮುಂದೆ ಮಾತ್ರ ನಿಲ್ಲಲೇಬಾರದು. ಅವರು ಹೂಡಿ ದಾಟುವವರೆಗೆ ಅಲುಗಾಡುವುದಿಲ್ಲ.

ನಾನು ಆ ಕೊನೆಯ ಜಾತಿ. ಹೊಸಬರು ಯಾರಾದರೂ ನನ್ನ ಮುಂದೆ ನಿಂತು, ಸ್ವಲ್ಪ ಬಗ್ಗಿ, ‘ಸಾರ್, ಎಲ್ಲಿ ಇಳೀತೀರಾ?’ ಅಂತ ಮೆಲ್ಲಗೆ ಕೇಳುತ್ತಾರೆ. ‘ಕುಂದಲಹಳ್ಳಿ.’ ಅವರ ಮುಖ ನೋಡಲು ಆಗುವುದಿಲ್ಲ. ‘ಪರವಾಗಿಲ್ಲ ಬಿಡಿ’ ಅನ್ನುತ್ತಾರೆ, ನಾನೇ ಕ್ಷಮೆ ಕೇಳಿದಂತೆ. ಆಮೇಲೆ ಜಾಗ ಬದಲಿಸಿ ಪಕ್ಕದವರ ಮುಂದೆ ಹೋಗಿ ನಿಲ್ಲುತ್ತಾರೆ. ಪಕ್ಕದವರೂ ಕುಂದಲಹಳ್ಳಿಯೇ.

ಇಷ್ಟು ಉದ್ದ ಊರು ದಾಟಿದರೂ ಊರು ಕಾಣುವುದು ಕಡಿಮೆ. ರಾಜರಾಜೇಶ್ವರಿ ನಗರದ ಆಸುಪಾಸಿನಲ್ಲಿ ಪಕ್ಕದಲ್ಲೇ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳು ಅಂತ ಪ್ರತೀತಿ, ನಮ್ಮ ಕಡೆಗೆ ಬರುವಷ್ಟರಲ್ಲಿ ಅವಳ ಬಣ್ಣ ನೋಡುವಂತಿಲ್ಲ. ಎಸಿ ಬೋಗಿಯೊಳಗೆ ವಾಸನೆ ಇಲ್ಲ. ನಾಯಂಡಹಳ್ಳಿಯಲ್ಲಿ ಬಾಗಿಲು ತೆರೆದಾಗ ಒಂದು ಸಲ ಒಳಗೆ ಬಂದು ಎಲ್ಲರನ್ನೂ ಮಾತಾಡಿಸಿ ಹೋಗುತ್ತದೆ. ಮಾಗಡಿ ರಸ್ತೆ ಆದಮೇಲೆ ರೈಲು ನೆಲದೊಳಗೆ ಇಳಿಯುತ್ತದೆ. ಮೆಜೆಸ್ಟಿಕ್, ಸೆಂಟ್ರಲ್ ಕಾಲೇಜು, ವಿಧಾನಸೌಧ, ಕಬ್ಬನ್ ಪಾರ್ಕು ಎಲ್ಲ ಕತ್ತಲೆಯಲ್ಲೇ. ಮತ್ತೆ ಬೆಳಕು ಬರುವುದು ಎಂ.ಜಿ. ರಸ್ತೆಯ ಹತ್ತಿರ. ಅಂದರೆ ಪೋಸ್ಟ್‌ಕಾರ್ಡಿನ ಮೇಲೆ ಅಚ್ಚಾಗುವ ಬೆಂಗಳೂರು ಏನಿದೆಯೋ, ಅಷ್ಟನ್ನೂ ನಾನು ಕಾಣದೆಯೇ ದಾಟುತ್ತೇನೆ. ಕಬ್ಬನ್ ಪಾರ್ಕಿನಲ್ಲಿ ಮರಗಳು ಗುಲಾಬಿ ಬಣ್ಣದ ಹೂ ಬಿಟ್ಟಿವೆ ಅಂತ ನನಗೆ ಗೊತ್ತಾಗುವುದು ಬೇರೆಯವರ ಸ್ಟೇಟಸ್ ನೋಡಿ.

ಆ ಕತ್ತಲಲ್ಲಿ ಒಂದು ದನಿ ಜೊತೆಗಿದೆ. ‘ಮುಂದಿನ ನಿಲ್ದಾಣ...’ ಎನ್ನುವ ನಿರೂಪಕಿ ಅಪರ್ಣಾ ಅವರ ದನಿ. ನಿಧಾನ, ಸ್ಪಷ್ಟ, ಯಾರ ಮೇಲೂ ಸಿಡುಕಿಲ್ಲ. ಬಸ್ಸಿನ ‘ಮುಂದೆ ಹೋಗ್ರೀ, ಒಳಗೆ ಜಾಗ ಇದೆ’ ಕೇಳಿ ಬೆಳೆದ ಕಿವಿಗೆ ಆ ಮರ್ಯಾದೆ ಶುರುವಿನಲ್ಲಿ ಮುಜುಗರವನ್ನೇ ತರುತ್ತಿತ್ತು. 2024ರ ಜುಲೈಯಲ್ಲಿ ಅವರು ತೀರಿಕೊಂಡ ಮಾರನೇ ದಿನ ಬೋಗಿಯಲ್ಲಿ ಎಂದಿನ ನೂಕುನುಗ್ಗಲೇ. ಆದರೆ ಪ್ರಕಟಣೆ ಬಂದಾಗ ಒಬ್ಬಿಬ್ಬರು ಇಯರ್‌ಫೋನು ತೆಗೆದದ್ದು ಕಂಡಿತು.

ಸಂಜೆಯ ಕಥೆ ಪೂರ್ತಿ ಉಲ್ಟಾ. ಆಗ ಅಂಚಿನವರು ಆ ಕಡೆಯವರು. ಕಾಡುಗೋಡಿ, ಪಟ್ಟಂದೂರು ಅಗ್ರಹಾರದಲ್ಲೇ ಸೀಟೆಲ್ಲ ತುಂಬಿರುತ್ತದೆ. ಕೆಲವರು ಹಟಕ್ಕೆ ಬಿದ್ದು ಎದುರು ದಿಕ್ಕಿನ ರೈಲು ಹತ್ತಿ ಕಾಡುಗೋಡಿವರೆಗೆ ಹೋಗಿ, ಸೀಟು ಹಿಡಿದು, ಅದೇ ದಾರಿಯಲ್ಲಿ ವಾಪಸ್ ಬರುತ್ತಾರೆ. ನನಗೆ ಅಷ್ಟು ತಾಳ್ಮೆ ಇಲ್ಲ. ನಿಲ್ಲುತ್ತೇನೆ, ಮುಖ ಓದುತ್ತೇನೆ. ಇಂದಿರಾನಗರಕ್ಕೆ ಇಳಿಯುವವರು ತಲೆಕೂದಲು ಸರಿಮಾಡಿಕೊಳ್ಳುತ್ತಾರೆ. ಇದು ನೂರಕ್ಕೆ ತೊಂಬತ್ತು ಸಲ ನಿಜ. ಇಷ್ಟೆಲ್ಲ ಕಷ್ಟಪಟ್ಟು ಮೆಜೆಸ್ಟಿಕ್‌ನಲ್ಲಿ ಒಂದು ಸೀಟು ಸಿಕ್ಕಿ, ಕಣ್ಣು ಹತ್ತಿ, ನಿದ್ದೆಯಲ್ಲಿ ‘ಕೊನೆಯ ನಿಲ್ದಾಣ’ ಅಂತ ಕೇಳಿ ಎದ್ದರೆ ಅದು ಮೈಸೂರು ರಸ್ತೆಗೇ ನಿಲ್ಲುವ ರೈಲು. ಮತ್ತೆ ಪ್ಲಾಟ್‌ಫಾರಂ, ಮತ್ತೆ ನಿಲ್ಲುವುದು.

‘ಆ ಕಡೆಗೇ ಮನೆ ಮಾಡಬಾರದಾ?’ ಅಂತ ಆಫೀಸಿನಲ್ಲಿ ಕೇಳುತ್ತಾರೆ. 2025ರ ಫೆಬ್ರುವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದಾಗ ನಾನೂ ಕಾಗದ ಪೆನ್ನು ಹಿಡಿದು ಕೂತೆ. ನಮ್ಮಮ್ಮ ಬಂದು ನೋಡಿದರು. ‘ಅಲ್ಲಿ ಹಾಲು ಹಾಕೋರು ಯಾರೂಂತ ಗೊತ್ತಾ ನಿಂಗೆ?’ ಅಂತ ಒಂದೇ ಪ್ರಶ್ನೆ. ಆ ಪ್ರಶ್ನೆಗೆ ನನ್ನ ಲೆಕ್ಕದಲ್ಲಿ ಜಾಗವಿರಲಿಲ್ಲ. ಕಾಗದ ಮಡಿಚಿಟ್ಟೆ.

ಈಗ ನನ್ನ ಚಿಂತೆ ಬೇರೆ. ಮೆಟ್ರೋ ಬಿಡದಿವರೆಗೂ ಹೋಗಬೇಕು ಅನ್ನುವ ಮಾತು ಆಗಾಗ ಪೇಪರಿನಲ್ಲಿ ಬರುತ್ತದೆ. ಆಗಲಿ, ಆ ಕಡೆಯ ಜನಕ್ಕೆ ಒಳ್ಳೆಯದು. ಬಹಿರಂಗವಾಗಿ ಕೇಳಿದರೆ ಹಾಗೇ ಹೇಳುತ್ತೇನೆ. ಆದರೆ ಬಿಡದಿಯವರೆಲ್ಲ ಬೆಳಿಗ್ಗೆ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ ತಿಂದು, ಮೂಲೆ ಹಿಡಿದು, ಕಾಲು ಚಾಚಿ ಬಂದುಬಿಟ್ಟರೆ ಕೆಂಗೇರಿಯ ಗತಿ ಏನು? ಅವರ ಮುಂದೆ ಬಗ್ಗಿ ನಿಂತು ‘ಎಲ್ಲಿ ಇಳೀತೀರಾ ಸಾರ್’ ಅಂತ ಕೇಳುವುದು ನನ್ನಿಂದಾಗದು. ಯೋಜನೆ ಸ್ವಲ್ಪ ನಿಧಾನವಾದರೂ ತೊಂದರೆ ಇಲ್ಲ.